ಕೋವಿಡ್-19 ಅವಧಿಯ ಸರ್ಕಾರಿ ನೆರವು: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಕೃಷಿ ಹಾಗೂ ಆಹಾರ ಉದ್ದಿಮೆಗಳು – ಒಂದು ವಿಶ್ಲೇಷಣೆ

1. ಪೀಠಿಕೆ

ಕೋವಿಡ್-19 ಸಾಂಕ್ರಾಮಿಕದ ಹಿನ್ನೆಲೆಯಲ್ಲಿ 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಎರಡನೆಯ ಅಲೆಯಲ್ಲಿ, ಅಂದರೆ 2021ರ ಏಪ್ರಿಲ್ ಅಂತ್ಯದಿಂದ, ರಾಜ್ಯದಲ್ಲಿ ಮತ್ತೊಮ್ಮೆ ನಿರ್ಬಂಧಗಳನ್ನು ವಿಧಿಸಲಾಯಿತು. ಈ ಎರಡೂ ಅವಧಿಗಳಲ್ಲಿ ರೈತರು, ಹೂ-ಹಣ್ಣು-ತರಕಾರಿ ಬೆಳೆಗಾರರು, ಬೀದಿಬದಿ ವ್ಯಾಪಾರಿಗಳು ಹಾಗೂ ಸಣ್ಣ ಆಹಾರ ಉದ್ದಿಮೆದಾರರಿಗಾಗಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಲವು ಬಗೆಯ ಆರ್ಥಿಕ ನೆರವನ್ನು ಪ್ರಕಟಿಸಿದವು.

ಆ ನೆರವಿನ ಸ್ವರೂಪವೇನು, ಅದು ಯಾವ ಆಧಾರದ ಮೇಲೆ ವಿತರಣೆಯಾಯಿತು, ಯಾರಿಗೆ ಸುಲಭವಾಗಿ ತಲುಪಿತು, ಯಾರಿಗೆ ತಲುಪಲು ಕಷ್ಟವಾಯಿತು ಎಂಬುದನ್ನು ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ. ಸಂಕಷ್ಟದ ಕಾಲದಲ್ಲಿ ನೆರವು ತಲುಪುವುದು ಸಾಮಾನ್ಯ ದಿನಗಳಲ್ಲಿ ಸಿದ್ಧವಾಗಿರುವ ದಾಖಲೆಯನ್ನು ಅನುಸರಿಸಿ. ಆದ್ದರಿಂದ ಮುಂದೆ ಯಾವುದೇ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವವರಿಗೂ ಈ ಅನುಭವ ಉಪಯುಕ್ತವಾಗಿದೆ.

2. ಎರಡು ತಾಲ್ಲೂಕುಗಳ ಹಿನ್ನೆಲೆ

ನಂಜನಗೂಡು ಕಪಿಲಾ ನದಿಯ ದಡದಲ್ಲಿದೆ. ಕಪಿಲೆಯು ಕಾವೇರಿಯನ್ನು ಸೇರುವ ಸ್ಥಳದಲ್ಲಿ ತಿ. ನರಸೀಪುರವಿದೆ. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳ ಮೂಲಕ ಕೊಳ್ಳೇಗಾಲಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 766 ಎರಡೂ ತಾಲ್ಲೂಕುಗಳನ್ನು ಜೋಡಿಸುತ್ತದೆ. ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳು, ಕಬಿನಿ ಬಲದಂಡೆ ನಾಲೆ, ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆಯ ನಾಲೆ ಮುಂತಾದವುಗಳ ಅಚ್ಚುಕಟ್ಟಿನಲ್ಲಿ ಭತ್ತ ಮತ್ತು ಕಬ್ಬು ಪ್ರಧಾನ ಬೆಳೆಗಳು. ಇವುಗಳೊಂದಿಗೆ ಬಾಳೆ, ತರಕಾರಿ, ಹೂವು ಹಾಗೂ ಹಿಪ್ಪುನೇರಳೆ ಬೆಳೆಯುವ ಕುಟುಂಬಗಳಿವೆ. ಮಳೆಯಾಶ್ರಿತ ಪ್ರದೇಶದಲ್ಲಿ ರಾಗಿ, ಮುಸುಕಿನ ಜೋಳ ಮತ್ತು ಹತ್ತಿ ಇವೆ. ನಂಜನಗೂಡು ರಸಬಾಳೆ ಹಾಗೂ ಮೈಸೂರು ಮಲ್ಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಳೆಗಳಾಗಿವೆ.

2020ರ ಮಾರ್ಚ್ ಅಂತ್ಯದಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿಕೊಂಡಿತು. ಜಿಲ್ಲೆಯ ಮೊದಲ ಹಂತದ ಪ್ರಕರಣಗಳಲ್ಲಿ ಹೆಚ್ಚಿನವು ಇದಕ್ಕೆ ಸಂಬಂಧಿಸಿದವಾಗಿದ್ದು, ಪಟ್ಟಣ ಮತ್ತು ಸುತ್ತಲಿನ ಗ್ರಾಮಗಳಲ್ಲಿ ನಿರ್ಬಂಧಗಳು ಇತರೆಡೆಗಿಂತ ಬಿಗಿಯಾಗಿದ್ದವು. ಕೃಷಿ ಚಟುವಟಿಕೆ ಹಾಗೂ ಆಹಾರ ಪದಾರ್ಥಗಳ ಸಾಗಣೆಗೆ ಅನುಮತಿ ಇದ್ದರೂ ವಾಹನ, ಕೂಲಿಯಾಳು ಮತ್ತು ಖರೀದಿದಾರರ ಕೊರತೆ ಉಂಟಾಯಿತು. 2021ರಲ್ಲಿಯೂ ಜೂನ್ 14ರಂದು ರಾಜ್ಯದ ಬಹುಭಾಗದಲ್ಲಿ ನಿರ್ಬಂಧ ಸಡಿಲಿಸಿದಾಗ, ಅದು ಮುಂದುವರಿದ 11 ಜಿಲ್ಲೆಗಳಲ್ಲಿ ಮೈಸೂರೂ ಒಂದಾಗಿತ್ತು.

ನಷ್ಟವು ಎಲ್ಲ ಬೆಳೆಗಳಿಗೂ ಒಂದೇ ಪ್ರಮಾಣದಲ್ಲಿ ಆಗಲಿಲ್ಲ. ಭತ್ತವನ್ನು ಕೆಲವು ವಾರ ದಾಸ್ತಾನು ಇಡಬಹುದು. ಮಲ್ಲಿಗೆಯ ಮೊಗ್ಗನ್ನು ಕಿತ್ತ ದಿನವೇ ಮಾರಬೇಕು. ದೇವಾಲಯಗಳು ಮುಚ್ಚಿ ಮದುವೆ-ಉತ್ಸವಗಳು ನಿಂತಾಗ ಹೂವಿಗೆ ಬೇಡಿಕೆಯೇ ಇಲ್ಲವಾಯಿತು. ಬಲಿತ ಬಾಳೆಗೊನೆ, ಕಲ್ಲಂಗಡಿ ಮತ್ತು ಟೊಮೆಟೊಗಳೂ ಕಾಯಲಾರವು. ಸರ್ಕಾರದ ನೇರ ನೆರವು ಮೊದಲು ಇಂತಹ ಬೇಗ ಕೆಡುವ ಬೆಳೆಗಳಿಗೆ ದೊರೆತುದಕ್ಕೆ ಇದೇ ಕಾರಣ.

3. ನೇರ ನಗದು ನೆರವು

ರಾಜ್ಯ ಸರ್ಕಾರವು 2020ರ ಮೇ ತಿಂಗಳಿನಲ್ಲಿ ಮೂರು ಹಂತಗಳಲ್ಲಿ ಹಾಗೂ 2021ರ ಮೇ ತಿಂಗಳಿನಲ್ಲಿ ಮತ್ತೊಮ್ಮೆ ಪ್ಯಾಕೇಜ್ ಪ್ರಕಟಿಸಿತು. ಅವುಗಳಲ್ಲಿ ಕೃಷಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಹೀಗಿವೆ:

(ಅ) 2020ರ ಮೇ 6ರಂದು ಪ್ರಕಟವಾದ ರೂ. 1,610 ಕೋಟಿಯ ಪ್ಯಾಕೇಜ್‌ನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ ರೂ. 25,000, ಗರಿಷ್ಠ ಒಂದು ಹೆಕ್ಟೇರಿಗೆ.

(ಆ) ಮೇ 14ರ ಪ್ರಕಟಣೆಯಲ್ಲಿ ಬಾಳೆ, ಪಪ್ಪಾಯ, ಕಲ್ಲಂಗಡಿ ಮೊದಲಾದ ಹಣ್ಣು ಹಾಗೂ ಟೊಮೆಟೊ, ಎಲೆಕೋಸು ಮೊದಲಾದ ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ ರೂ. 15,000. ಇದಕ್ಕಾಗಿ ಸುಮಾರು ರೂ. 137 ಕೋಟಿ ನಿಗದಿಯಾಯಿತು.

(ಇ) ಮೇ 15ರ ಪ್ರಕಟಣೆಯಲ್ಲಿ ಮುಸುಕಿನ ಜೋಳದ 10 ಲಕ್ಷ ಬೆಳೆಗಾರರಿಗೆ ತಲಾ ರೂ. 5,000, ಒಟ್ಟು ರೂ. 500 ಕೋಟಿ.

(ಈ) 2021ರ ಮೇ 19ರಂದು ಪ್ರಕಟವಾದ ರೂ. 1,250 ಕೋಟಿಯ ಪ್ಯಾಕೇಜ್‌ನಲ್ಲಿ ಹೂ, ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ ರೂ. 10,000, ಗರಿಷ್ಠ ಒಂದು ಹೆಕ್ಟೇರಿಗೆ.

ಇದಲ್ಲದೆ 2020ರ ಏಪ್ರಿಲ್‌ನಲ್ಲಿ ಪಿಎಂ-ಕಿಸಾನ್ ಯೋಜನೆಯ ರೂ. 2,000 ಕಂತನ್ನು ಕೇಂದ್ರ ಸರ್ಕಾರವು ಮುಂಚಿತವಾಗಿ ಬಿಡುಗಡೆ ಮಾಡಿತು. ಅದೇ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಮಾರಾಟವಾಗದೆ ಉಳಿದ ಹಾಲನ್ನು ಖರೀದಿಸಿ ಬಡ ಕುಟುಂಬಗಳಿಗೆ ಉಚಿತವಾಗಿ ವಿತರಿಸಿತು. ಹಾಲು ಉತ್ಪಾದಕರ ಖಾತೆಗೆ ಇದರಿಂದ ಪ್ರತ್ಯೇಕ ಮೊತ್ತವೇನೂ ಜಮೆಯಾಗಲಿಲ್ಲ; ಆದರೆ ಹಾಲಿನ ಖರೀದಿ ನಿಲ್ಲದಂತೆ ನೋಡಿಕೊಳ್ಳಲು ಈ ಕ್ರಮ ನೆರವಾಯಿತು.

4. ಮೊತ್ತದ ಲೆಕ್ಕಾಚಾರ

ಪ್ರಕಟಣೆಗಳು ಹೆಕ್ಟೇರ್ ಲೆಕ್ಕದಲ್ಲಿದ್ದವು. ರೈತರು ತಮ್ಮ ಜಮೀನನ್ನು ಎಕರೆ-ಗುಂಟೆಗಳಲ್ಲಿ ಎಣಿಸುತ್ತಾರೆ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ಹೆಕ್ಟೇರಿಗೆ ರೂ. 25,000 ಎಂಬುದು ಎಕರೆಗೆ ಸುಮಾರು ರೂ. 10,100 ಆಗುತ್ತದೆ. ರೂ. 15,000 ಎಂಬುದು ಎಕರೆಗೆ ಸುಮಾರು ರೂ. 6,070, ರೂ. 10,000 ಎಂಬುದು ಸುಮಾರು ರೂ. 4,050.

ಇದರಂತೆ 20 ಗುಂಟೆಯಲ್ಲಿ ಮಲ್ಲಿಗೆ ಬೆಳೆದ ಕುಟುಂಬಕ್ಕೆ 2020ರ ದರದಲ್ಲಿ ಲೆಕ್ಕ ಹಾಕಿದರೆ ಸುಮಾರು ರೂ. 5,050, 2021ರ ದರದಲ್ಲಿ ಸುಮಾರು ರೂ. 2,020 ಬರುತ್ತದೆ. 20 ಗುಂಟೆ ಬಾಳೆಗೆ 2020ರಲ್ಲಿ ಸುಮಾರು ರೂ. 3,030. ಮುಸುಕಿನ ಜೋಳದ ನೆರವು ಮಾತ್ರ ವಿಸ್ತೀರ್ಣವನ್ನು ಅವಲಂಬಿಸದೆ ತಲಾ ರೂ. 5,000 ಇದ್ದುದರಿಂದ, ಅರ್ಧ ಎಕರೆ ಬೆಳೆದವರಿಗೂ ನಾಲ್ಕು ಎಕರೆ ಬೆಳೆದವರಿಗೂ ಒಂದೇ ಮೊತ್ತ. ವಿಸ್ತೀರ್ಣ ಆಧಾರಿತ ನೆರವು ಹೂಡಿಕೆಗೆ ಅನುಗುಣವಾಗಿರುತ್ತದೆ. ತಲಾ ನೆರವು ಅತಿ ಸಣ್ಣ ಹಿಡುವಳಿದಾರರಿಗೆ ಅನುಕೂಲ. ನಂಜನಗೂಡು ಹಾಗೂ ತಿ. ನರಸೀಪುರಗಳಲ್ಲಿ ಒಂದೆರಡು ಎಕರೆಯೊಳಗಿನ ಹಿಡುವಳಿಯುಳ್ಳ ಕುಟುಂಬಗಳಿಗೆ ಈ ವ್ಯತ್ಯಾಸ ಗಣನೀಯವಾದುದು.

ಈ ಮೊತ್ತಗಳು ಸಂಪೂರ್ಣ ನಷ್ಟವನ್ನು ಭರಿಸುವ ಪರಿಹಾರವಾಗಿರಲಿಲ್ಲ. ಮುಂದಿನ ಹಂಗಾಮಿನ ಬೀಜ, ಗೊಬ್ಬರ ಅಥವಾ ಕೂಲಿಗೆ ಒದಗುವ ತಕ್ಷಣದ ನೆರವು ಎಂದು ಇವುಗಳನ್ನು ಪರಿಗಣಿಸುವುದು ಸೂಕ್ತ.

5. ದಾಖಲೆಯ ಪಾತ್ರ

ನೇರ ನೆರವಿಗೆ ಮುಖ್ಯ ಆಧಾರವಾಗಿದ್ದುದು ಬೆಳೆ ಸಮೀಕ್ಷೆಯ ಮಾಹಿತಿ. ಪ್ರತಿ ಹಂಗಾಮಿನಲ್ಲಿ ಸರ್ವೆ ನಂಬರ್ ಹಾಗೂ ಹಿಸ್ಸಾವಾರು ಬೆಳೆಯ ವಿವರವನ್ನು ಛಾಯಾಚಿತ್ರ ಸಹಿತ ದಾಖಲಿಸುವ ಈ ವ್ಯವಸ್ಥೆ ಲಾಕ್‌ಡೌನ್‌ಗೆ ಮೊದಲೇ ಜಾರಿಯಲ್ಲಿತ್ತು. ಅದರಲ್ಲಿ ಬೆಳೆ ಸರಿಯಾಗಿ ದಾಖಲಾಗಿದ್ದು, ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದ ರೈತರ ವಿಷಯದಲ್ಲಿ ಹೊಸ ಪರಿಶೀಲನೆಯ ಅಗತ್ಯ ಕಡಿಮೆಯಿತ್ತು. ಲಕ್ಷಾಂತರ ಖಾತೆಗಳಿಗೆ ಕಚೇರಿಗೆ ಬಾರದೆಯೇ ಹಣ ಜಮೆ ಮಾಡಲು ಸಾಧ್ಯವಾದದ್ದು ಇದರಿಂದ. ಜನಸಂಚಾರ ನಿರ್ಬಂಧಿತವಾಗಿದ್ದ ದಿನಗಳಲ್ಲಿ ಇದು ಸಣ್ಣ ಸಾಧನೆಯಲ್ಲ.

ಆದರೆ ಈ ವ್ಯವಸ್ಥೆಯಿಂದ ಹೊರಗುಳಿಯುವ ಸಾಧ್ಯತೆಯುಳ್ಳ ನಾಲ್ಕು ವರ್ಗಗಳನ್ನು ಗುರುತಿಸಬಹುದು.

ಮೊದಲನೆಯದು, ಪೌತಿ ಖಾತೆ ಆಗದ ಕುಟುಂಬಗಳು. ಪಹಣಿಯ 9ನೇ ಕಲಂನಲ್ಲಿ ತೀರಿಕೊಂಡ ತಂದೆ ಅಥವಾ ಅಜ್ಜನ ಹೆಸರೇ ಮುಂದುವರಿದಿದ್ದರೆ, ಸಾಗುವಳಿ ಮಾಡುವ ಮಗ ಅಥವಾ ಸೊಸೆಯ ಹೆಸರಿನಲ್ಲಿ ರೈತರ ನೋಂದಣಿ ಪೂರ್ಣಗೊಳ್ಳುವುದಿಲ್ಲ. ಪಿಎಂ-ಕಿಸಾನ್ ಯೋಜನೆಯಲ್ಲಿಯೂ 2019ರ ಫೆಬ್ರವರಿ 1ರಂದು ಇದ್ದ ಭೂ ದಾಖಲೆಯನ್ನೇ ಅರ್ಹತೆಗೆ ಆಧಾರವಾಗಿ ಇರಿಸಲಾಗಿದೆ. ಆ ದಿನಾಂಕದ ನಂತರದ ಖಾತೆ ಬದಲಾವಣೆಗಳಲ್ಲಿ ವಾರಸುದಾರಿಕೆಯಿಂದ ಬಂದವುಗಳಿಗೆ ಮಾತ್ರ ವಿನಾಯಿತಿ ಇದೆ.

ಎರಡನೆಯದು, ಮಿಶ್ರ ಬೆಳೆ ಬೆಳೆದವರು. ತೆಂಗಿನ ನಡುವೆ ಬಾಳೆ ಅಥವಾ ಬದುವಿನಲ್ಲಿ ಹೂವು ಇದ್ದರೆ ಸಮೀಕ್ಷೆಯಲ್ಲಿ ಮುಖ್ಯ ಬೆಳೆ ಮಾತ್ರ ನಮೂದಾಗಿ, ಕುಟುಂಬದ ವಾರದ ಖರ್ಚನ್ನು ನಡೆಸುತ್ತಿದ್ದ ಬೆಳೆ ಲೆಕ್ಕಕ್ಕೆ ಬಾರದೆ ಹೋಗುವ ಸಂಭವವಿದೆ.

ಮೂರನೆಯದು, ಬಾಯಿಮಾತಿನ ಗುತ್ತಿಗೆ ಅಥವಾ ವಾರದ ಸಾಗುವಳಿದಾರರು. ಕರ್ನಾಟಕ ಭೂಸುಧಾರಣಾ ಕಾಯ್ದೆಯ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ನೀಡಲು ಸೈನಿಕರು ಮತ್ತು ನಾವಿಕರಂತಹ ಸೀಮಿತ ವಿನಾಯಿತಿಗಳನ್ನು ಬಿಟ್ಟು ಅವಕಾಶವಿಲ್ಲ. ಆದುದರಿಂದ ಇಂತಹ ಸಾಗುವಳಿ ಯಾವ ದಾಖಲೆಗೂ ಬರುವುದಿಲ್ಲ. ಬೀಜ, ಕೂಲಿ, ನೀರಿನ ಖರ್ಚನ್ನು ಹಾಕಿದವರು ಒಬ್ಬರು. ನೆರವು ಜಮೆಯಾಗುವ ಖಾತೆ ಇನ್ನೊಬ್ಬರದು. ಇದು ಅರ್ಜಿದಾರರ ಎಚ್ಚರಿಕೆಯಿಂದಾಗಲಿ ತಾಲ್ಲೂಕು ಕಚೇರಿಯ ಮುತುವರ್ಜಿಯಿಂದಾಗಲಿ ಸರಿಪಡಿಸಬಹುದಾದ ಕೊರತೆಯಲ್ಲ. ಮುಂದಿನ ಯಾವುದೇ ನೆರವಿನ ಯೋಜನೆಯನ್ನು ರೂಪಿಸುವಾಗ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದು.

ನಾಲ್ಕನೆಯದು, ನೆರವಿನ ಪಟ್ಟಿಯಲ್ಲಿ ಇಲ್ಲದ ಬೆಳೆಯವರು. ತಿ. ನರಸೀಪುರ ತಾಲ್ಲೂಕಿನ ಕಸಬಾ, ಬನ್ನೂರು, ಸೋಸಲೆ, ತಲಕಾಡು, ಮೂಗೂರು ಹೋಬಳಿಗಳ ಭತ್ತ ಮತ್ತು ಕಬ್ಬು ಬೆಳೆಗಾರರು ಮೇಲಿನ ಯಾವ ಬೆಳೆವಾರು ನಗದು ನೆರವಿಗೂ ಒಳಪಡಲಿಲ್ಲ. ಅವರಿಗೆ ಲಭ್ಯವಿದ್ದುದು ಪಿಎಂ-ಕಿಸಾನ್ ಕಂತು ಮತ್ತು ಸಾಲದ ಮರುಪಾವತಿ ಅವಧಿಯ ವಿಸ್ತರಣೆ.

6. ಸಾಲದ ರೂಪದ ನೆರವು

ಕೇಂದ್ರ ಸರ್ಕಾರವು 2020ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ಆತ್ಮನಿರ್ಭರ ಭಾರತ ಪ್ಯಾಕೇಜ್‌ನ ಬಹುಭಾಗವು ಸಾಲ, ಸಾಲ ಖಾತರಿ ಮತ್ತು ಬಡ್ಡಿ ರಿಯಾಯಿತಿಗಳ ರೂಪದಲ್ಲಿತ್ತು. ನೆರವು ಮತ್ತು ಸಾಲದ ನಡುವಿನ ವ್ಯತ್ಯಾಸವನ್ನು ಅರ್ಜಿದಾರರು ಸ್ಪಷ್ಟವಾಗಿ ತಿಳಿದಿರುವುದು ಅವಶ್ಯಕ.

ಕಂತು ಮುಂದೂಡಿಕೆ: ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೆ ಅವಕಾಶ ನೀಡಿತು. ಇದು ಸಾಲ ಮನ್ನಾ ಆಗಿರಲಿಲ್ಲ. ಶೇ. 9ರ ಬಡ್ಡಿಯ ರೂ. 1 ಲಕ್ಷ ಸಾಲಕ್ಕೆ ಆರು ತಿಂಗಳಲ್ಲಿ ರೂ. 4,500 ಬಡ್ಡಿ ಸೇರುತ್ತಲೇ ಇತ್ತು. 2021ರಲ್ಲಿ ರಾಜ್ಯ ಸರ್ಕಾರವು ಸಹಕಾರ ಸಂಘಗಳ ಕೃಷಿ ಸಾಲದ ಮರುಪಾವತಿ ಅವಧಿಯನ್ನು ಜುಲೈ 31ರವರೆಗೆ ವಿಸ್ತರಿಸಿ, ಆ ಅವಧಿಯ ಬಡ್ಡಿಯ ಹೊರೆಯನ್ನು ತಾನೇ ಭರಿಸಲು ತೀರ್ಮಾನಿಸಿತು.

ತುರ್ತು ಸಾಲ ಖಾತರಿ: ಅಕ್ಕಿ ಗಿರಣಿ, ಎಣ್ಣೆ ಗಾಣ, ಬೇಕರಿ ಮುಂತಾದ ಉದ್ದಿಮೆಗಳಿಗೆ 2020ರ ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇ. 20ರಷ್ಟು ಹೆಚ್ಚುವರಿ ಸಾಲವನ್ನು ಹೊಸ ಅಡಮಾನವಿಲ್ಲದೆ ನೀಡಲಾಯಿತು. ರೂ. 10 ಲಕ್ಷ ಬಾಕಿ ಇದ್ದವರಿಗೆ ರೂ. 2 ಲಕ್ಷ ಲಭ್ಯ. ಆದರೆ ಬ್ಯಾಂಕ್ ಸಾಲವಿಲ್ಲದೆ ಸ್ವಂತ ಹಣ ಅಥವಾ ಕೈಸಾಲದಿಂದ ನಡೆಸುತ್ತಿದ್ದ ಉದ್ದಿಮೆಗೆ ಇದರಲ್ಲಿ ಏನೂ ದೊರೆಯಲಿಲ್ಲ, ಸೊನ್ನೆಯ ಶೇ. 20 ಸೊನ್ನೆಯೇ ಆಗಿರುತ್ತದೆ. 2021ರ ಮಾರ್ಚ್ ಅಂತ್ಯದಲ್ಲಿ ಆತಿಥ್ಯ ವಲಯಕ್ಕೆ ಈ ಮಿತಿಯನ್ನು ಶೇ. 40ಕ್ಕೆ ಏರಿಸಲಾಯಿತು. ಯಾತ್ರಾರ್ಥಿಗಳನ್ನೇ ನಂಬಿದ ನಂಜನಗೂಡಿನಂತಹ ಪಟ್ಟಣದ ಹೋಟೆಲುಗಳಿಗೆ ಇದು ಪ್ರಸ್ತುತವಾಗಿತ್ತು. ಈ ಯೋಜನೆ 2023ರ ಮಾರ್ಚ್ 31ಕ್ಕೆ ಮುಕ್ತಾಯಗೊಂಡಿದೆ.

ಬೀದಿಬದಿ ವ್ಯಾಪಾರಿಗಳಿಗೆ ಸಾಲ: 2020ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ರೂ. 10,000 ದುಡಿಯುವ ಬಂಡವಾಳ ಸಾಲವನ್ನು, ಸಕಾಲದಲ್ಲಿ ಮರುಪಾವತಿಸಿದವರಿಗೆ ಶೇ. 7ರ ಬಡ್ಡಿ ಸಹಾಯಧನದೊಂದಿಗೆ ನೀಡಲಾಯಿತು. ನಗರ ಸ್ಥಳೀಯ ಸಂಸ್ಥೆಯ ಗುರುತಿನ ಚೀಟಿ, ಪ್ರಮಾಣಪತ್ರ ಅಥವಾ ಶಿಫಾರಸು ಪತ್ರ ಇದಕ್ಕೆ ಆಧಾರ. ಒಂದು ಸಂಗತಿ ಇಲ್ಲಿ ವಿಶೇಷವಾಗಿ ಗಮನಾರ್ಹ. 2021ರಲ್ಲಿ ರಾಜ್ಯ ಸರ್ಕಾರವು ಬೀದಿಬದಿ ವ್ಯಾಪಾರಿಗಳಿಗೆ ತಲಾ ರೂ. 2,000 ನಗದು ನೆರವು ಪ್ರಕಟಿಸಿದಾಗ, ಈ ಯೋಜನೆಯಲ್ಲಿ ನೋಂದಾಯಿತರಾದವರನ್ನೇ ಫಲಾನುಭವಿಗಳೆಂದು ಪರಿಗಣಿಸಲಾಯಿತು. 2020ರಲ್ಲಿ ಸಾಲಕ್ಕಾಗಿ ಹೆಸರು ನೋಂದಾಯಿಸಿದ ಹಣ್ಣಿನ ಅಥವಾ ಹೂವಿನ ವ್ಯಾಪಾರಿಗೆ ಮರುವರ್ಷ ಕೇಳದೆಯೇ ನೆರವು ಸಿಕ್ಕಿತು. ಸಾಲ ಬೇಡವೆಂದು ನೋಂದಣಿಯನ್ನೂ ಬಿಟ್ಟವರು ಪಟ್ಟಿಯಿಂದ ಹೊರಗುಳಿದರು. ಸ್ವನಿಧಿ ಯೋಜನೆಯನ್ನು 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿ 2030ರ ಮಾರ್ಚ್ 31ರವರೆಗೆ ವಿಸ್ತರಿಸಲಾಗಿದ್ದು, ಮೊದಲ ಹಂತದ ಸಾಲ ರೂ. 15,000, ಎರಡನೆಯದು ರೂ. 25,000 ಹಾಗೂ ಮೂರನೆಯದು ರೂ. 50,000 ಆಗಿದೆ.

7. ಸಂಸ್ಕರಣಾ ಉದ್ದಿಮೆಗಳಿಗೆ ಬೆಂಬಲ

ಬೆಳೆ ಕೆಡುವ ಮುನ್ನ ಅದನ್ನು ಬೇರೆ ಪದಾರ್ಥವನ್ನಾಗಿ ಪರಿವರ್ತಿಸುವ ಅವಕಾಶ ಹತ್ತಿರದಲ್ಲಿ ಇಲ್ಲದಿರುವುದು ಲಾಕ್‌ಡೌನ್ ಅವಧಿಯಲ್ಲಿ ಎದ್ದುಕಂಡ ಕೊರತೆ. 2021ರಲ್ಲಿ ಬಾಳೆಯ ಬೆಲೆ ಕುಸಿದಾಗ ರಾಜ್ಯದ ಹಲವೆಡೆ ಗೃಹಿಣಿಯರು ಮತ್ತು ರೈತರು ಬಾಳೆಕಾಯಿ ಹುಡಿ ತಯಾರಿಸಲು ಮುಂದಾದದ್ದು ಈ ಅರಿವಿನಿಂದಲೇ.

2020ರ ಜೂನ್ 29ರಂದು ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ ಈ ಕೊರತೆಗೆ ಸಂಬಂಧಿಸಿದುದು. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಕ್ರಮದಲ್ಲಿ ಮೈಸೂರು ಜಿಲ್ಲೆಗೆ ಬಾಳೆಯನ್ನು ಆಯ್ಕೆ ಮಾಡಲಾಯಿತು. ಯೋಜನಾ ವೆಚ್ಚದ ಶೇ. 35, ಗರಿಷ್ಠ ರೂ. 10 ಲಕ್ಷ ಸಾಲ ಸಂಪರ್ಕಿತ ಸಹಾಯಧನವಿದ್ದು, ಕರ್ನಾಟಕ ಸರ್ಕಾರವು ಹೆಚ್ಚುವರಿ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ ರೂ. 15 ಲಕ್ಷಕ್ಕೆ ಏರಿಸಿತು. ರಾಜ್ಯದಲ್ಲಿ ಕೆಪೆಕ್ ಸಂಸ್ಥೆಯು ಇದರ ನೋಡಲ್ ಸಂಸ್ಥೆಯಾಗಿದೆ.

ಉದಾಹರಣೆಗೆ, ಬಾಳೆಕಾಯಿ ಚಿಪ್ಸ್ ಘಟಕವೊಂದರ ವೆಚ್ಚ ರೂ. 10 ಲಕ್ಷ ಎಂದಿಟ್ಟುಕೊಂಡರೆ, ಅರ್ಜಿದಾರರು ಕನಿಷ್ಠ ಶೇ. 10, ಅಂದರೆ ರೂ. 1 ಲಕ್ಷ ಸ್ವಂತವಾಗಿ ತೊಡಗಿಸಬೇಕು. ಉಳಿದ ರೂ. 9 ಲಕ್ಷಕ್ಕೆ ಬ್ಯಾಂಕ್ ಸಾಲ ಮಂಜೂರಾಗಬೇಕು. ಸಹಾಯಧನವು ಅರ್ಜಿದಾರರ ಕೈಗೆ ನಗದಾಗಿ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇದ್ದು, ಮೂರು ವರ್ಷಗಳ ನಂತರ ಸಾಲದ ಖಾತೆ ಸುಸ್ಥಿತಿಯಲ್ಲಿದ್ದು ಘಟಕ ಕಾರ್ಯನಿರ್ವಹಿಸುತ್ತಿದ್ದರೆ ಮಾತ್ರ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಅರ್ಧ ಹಣ ಸರ್ಕಾರದ್ದು ಎಂಬ ಭರವಸೆಯ ಮೇಲೆ ಖಾಸಗಿ ಸಾಲ ಮಾಡಿ ಯಂತ್ರ ಖರೀದಿಸಿದಲ್ಲಿ ತೊಂದರೆಗೆ ಸಿಲುಕುವ ಸಂಭವವಿದೆ. ಘಟಕದಿಂದ ಬರುವ ಆದಾಯವು ಸಹಾಯಧನವಿಲ್ಲದೆಯೂ ಮಾಸಿಕ ಕಂತನ್ನು ತೀರಿಸಬಲ್ಲುದೇ ಎಂಬುದನ್ನು ಮೊದಲು ಲೆಕ್ಕ ಹಾಕಿಕೊಳ್ಳಬೇಕು.

2020ರ ಆಗಸ್ಟ್‌ನಲ್ಲಿ ಆರಂಭವಾದ ರೂ. 1 ಲಕ್ಷ ಕೋಟಿಯ ಕೃಷಿ ಮೂಲಸೌಕರ್ಯ ನಿಧಿಯು ಉಗ್ರಾಣ, ಶೀತಲಗೃಹ, ವಿಂಗಡಣಾ ಘಟಕ ಮುಂತಾದವುಗಳಿಗೆ ರೂ. 2 ಕೋಟಿವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿಯನ್ನು ಗರಿಷ್ಠ ಏಳು ವರ್ಷ ಒದಗಿಸುತ್ತದೆ. ಇದು ಬಿಡಿ ರೈತರಿಗಿಂತ ಪ್ರಾಥಮಿಕ ಸಹಕಾರ ಸಂಘಗಳು ಮತ್ತು ರೈತ ಉತ್ಪಾದಕ ಸಂಸ್ಥೆಗಳಿಗೆ ಹೆಚ್ಚು ಹೊಂದುವಂತಹುದು. ಈ ಎರಡೂ ಯೋಜನೆಗಳಿಗೆ ಅವಧಿ ನಿಗದಿಯಾಗಿರುವುದರಿಂದ, ಹೊಸ ಅರ್ಜಿ ಸ್ವೀಕರಿಸಲಾಗುತ್ತಿದೆಯೇ ಎಂಬುದನ್ನು ಮೊದಲು ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

8. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಮೇಲಿನ ಅನುಭವದ ಹಿನ್ನೆಲೆಯಲ್ಲಿ, ಯಾವುದೇ ಪ್ಯಾಕೇಜ್ ಪ್ರಕಟವಾಗುವ ಮೊದಲೇ ಸಾರ್ವಜನಿಕರು ಪೂರೈಸಿಕೊಳ್ಳಬಹುದಾದ ಕಾರ್ಯಗಳು ಕೆಳಕಂಡಂತಿವೆ:

1) ಜಮೀನು ತೀರಿಕೊಂಡವರ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಸಲ್ಲಿಸುವುದು.

2) ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ, ರೇಷ್ಮೆ, ಪಶುಪಾಲನಾ ಇಲಾಖೆಗಳ ಕಚೇರಿಯಲ್ಲಿ ಫ್ರೂಟ್ಸ್ ನೋಂದಣಿ ಮಾಡಿಸಿ, ಕುಟುಂಬದ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ಪರಿಶೀಲಿಸುವುದು. ಒಂದೇ ಪಹಣಿ ಸೇರಿಸಿ ಉಳಿದವನ್ನು ಬಿಟ್ಟಿದ್ದರೆ, ಬಿಟ್ಟ ಜಮೀನಿನ ಬೆಳೆಗೆ ನೆರವು ಬರಲಾರದು.

3) ಪ್ರತಿ ಹಂಗಾಮಿನಲ್ಲಿ ಬೆಳೆ ಸಮೀಕ್ಷೆಯ ವಿವರವನ್ನು ನೋಡಿ, ತಪ್ಪಿದ್ದಲ್ಲಿ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವುದು. 2020ರ ಮುಂಗಾರಿನಿಂದ ರೈತರೇ ಮೊಬೈಲ್ ಮೂಲಕ ಬೆಳೆಯ ವಿವರ ದಾಖಲಿಸಲು ಅವಕಾಶ ಕಲ್ಪಿಸಲಾಯಿತು. ಮಿಶ್ರ ಬೆಳೆಗಳನ್ನು ಪ್ರತ್ಯೇಕವಾಗಿ ನಮೂದಿಸಲು ಮರೆಯಬಾರದು.

4) ಆಧಾರ್ ಆಧಾರಿತ ಪಾವತಿಯು ನೇರ ಪಾವತಿಗಾಗಿ ಆಧಾರ್ ಜೋಡಿಸಿರುವ ಖಾತೆಗೆ ಜಮೆಯಾಗುತ್ತದೆಯೇ ಹೊರತು ಅರ್ಜಿಯಲ್ಲಿ ಬರೆದ ಖಾತೆಗೇ ಅಲ್ಲ. ಹಣ ಬಂದಿಲ್ಲವೆಂದು ದೂರು ನೀಡುವ ಮುನ್ನ ಹಳೆಯ ಖಾತೆಗಳನ್ನೂ ಪರಿಶೀಲಿಸುವುದು.

5) ಸಣ್ಣ ಆಹಾರ ಉದ್ದಿಮೆದಾರರು ಉದ್ಯಮ್ ನೋಂದಣಿ ಮತ್ತು ಆಹಾರ ಸುರಕ್ಷತಾ ನೋಂದಣಿ ಪಡೆದು, ದಿನವಹಿ ಖರೀದಿ-ಮಾರಾಟದ ಲೆಕ್ಕವನ್ನು ಬರೆದಿಡುವುದು. ಸಾಲದ ಅರ್ಜಿಯನ್ನು ಪರಿಶೀಲಿಸುವಾಗ ಬ್ಯಾಂಕು ಮೊದಲು ಕೇಳುವುದು ಇದನ್ನೇ.

6) ಅರ್ಜಿ ಸಲ್ಲಿಸಿದ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಪಟ್ಟಿಯಲ್ಲಿ ಹೆಸರಿಲ್ಲವೆಂದು ತಿಳಿದಾಗ ಲಿಖಿತವಾಗಿ ಕಾರಣ ಕೇಳುವ ಹಕ್ಕು ಪ್ರತಿ ನಾಗರಿಕರಿಗೂ ಇದೆ.

9. ಉಪಸಂಹಾರ

ಸಾಂಕ್ರಾಮಿಕದ ಎರಡು ವರ್ಷಗಳಲ್ಲಿ ದೊರೆತ ನೆರವು ಅನೇಕ ಕುಟುಂಬಗಳಿಗೆ ಮುಂದಿನ ಬಿತ್ತನೆಯವರೆಗೆ ಆಸರೆಯಾಯಿತು. ಅದೇ ವೇಳೆ, ಒಂದೇ ಬಯಲಿನ ಅಕ್ಕಪಕ್ಕದ ಎರಡು ತೋಟಗಳಲ್ಲಿ ಸಮಾನ ನಷ್ಟವಾಗಿದ್ದರೂ, ಪಹಣಿ ಮತ್ತು ಬೆಳೆ ವಿವರ ಸರಿಯಾಗಿದ್ದ ತೋಟಕ್ಕೆ ನೆರವು ದೊರೆತು ಇನ್ನೊಂದಕ್ಕೆ ದೊರೆಯದಿರುವ ಸ್ಥಿತಿಗೂ ಈ ವ್ಯವಸ್ಥೆಯಲ್ಲಿ ಎಡೆಯಿತ್ತು. ದಾಖಲೆಯನ್ನು ಸರಿಪಡಿಸಿಕೊಳ್ಳುವುದು ಅರ್ಜಿದಾರರ ಕೈಯಲ್ಲಿರುವಷ್ಟು ಅವರ ಹೊಣೆ. ಗುತ್ತಿಗೆ ಸಾಗುವಳಿದಾರರಂತೆ ದಾಖಲೆಯೇ ಸಾಧ್ಯವಿಲ್ಲದವರನ್ನು ಗುರುತಿಸುವ ಕ್ರಮವನ್ನು ಕಂಡುಕೊಳ್ಳುವುದು ಆಡಳಿತದ ಹೊಣೆ. ಪ್ರವಾಹ, ಬರ ಅಥವಾ ಬೆಲೆ ಕುಸಿತದಂತಹ ಮುಂದಿನ ಸಂಕಷ್ಟಗಳಲ್ಲಿಯೂ ಇದೇ ದಾಖಲೆಗಳು ಆಧಾರವಾಗುವುದರಿಂದ, ಪ್ರಕಟಣೆಗಾಗಿ ಕಾಯದೆ ಈಗಲೇ ಅವುಗಳನ್ನು ಪರಿಶೀಲಿಸಿ ಸರಿಪಡಿಸಿಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.